ಅನ್ನ ನಡೆದು ಬಂದ ದಾರಿ

ಅಮೆರಿಕದ ಅಲಾಸ್ಕಾ ರಾಜ್ಯದ ತೀರ ಉತ್ತರದ ಅಂಚಿನಲ್ಲಿ, ವರ್ಷದ ಬಹುಭಾಗ ಹೆಪ್ಪುಗಟ್ಟಿರುವ ಕಡಲಿನ ದಂಡೆಯ ಮೇಲೆ, ಉಟ್ಕಿಯಾಗ್ವಿಕ್ ಎಂಬ ಸಣ್ಣ ಊರೊಂದಿದೆ. ೨೦೧೬ರವರೆಗೆ ಅದನ್ನು ಬ್ಯಾರೊ ಎಂದು ಕರೆಯುತ್ತಿದ್ದರು. ಹೊರಗಿನ ಲೋಕದಿಂದ ಆ ಊರಿಗೆ ರಸ್ತೆಯಿಲ್ಲ. ಹೋಗುವವರು ವಿಮಾನದಲ್ಲಿ ಹೋಗಬೇಕು. ಅಕ್ಕಿ ಬೇಳೆಗಳೂ ವಿಮಾನದಲ್ಲಿ, ಇಲ್ಲವೆ ಬೇಸಗೆಯಲ್ಲಿ ಹಿಮ ಸರಿದಾಗ ಬರುವ ಸರಕಿನ ನಾವೆಗಳಲ್ಲಿ ಬರಬೇಕು. ಚಳಿಗಾಲದಲ್ಲಿ ಎರಡು ತಿಂಗಳಿಗೂ ಮಿಕ್ಕಿ ಅಲ್ಲಿ ಸೂರ್ಯದರ್ಶನವಿಲ್ಲ. ನೆಲದಲ್ಲಿ ಒಂದು ಮೆಣಸಿನಗಿಡವೂ ಬೆಳೆಯದು. ಇಂಥ ಊರಿನಲ್ಲಿ ಒಸಾಕಾ ಎಂಬ ಹೆಸರಿನ ಜಪಾನೀ ಹೋಟೆಲೊಂದು ನಡೆದುದುಂಟು. ೧೯೭೮ರಲ್ಲಿ ತೆರೆದು ೨೦೧೩ರಲ್ಲಿ ಬೆಂಕಿಗೆ ಆಹುತಿಯಾಗುವವರೆಗೆ ಮೆಕ್ಸಿಕೋ ದೇಶದ ಅಡಿಗೆಯ ಹೋಟೆಲೊಂದೂ ಅಲ್ಲಿ ಹೆಸರುವಾಸಿಯಾಗಿತ್ತು. ಜಪಾನೀಯರ ಹೆಜ್ಜೆ ಆ ಹಿಮದ ಮೇಲೆ ಮೂಡಿದ್ದು ಇನ್ನೂ ಹಿಂದೆ. ೧೮೬೮ರಲ್ಲಿ ಇಶಿನೊಮಾಕಿ ಎಂಬಲ್ಲಿ ಹುಟ್ಟಿದ ಯಸುದಾ ಕ್ಯೋಸುಕೆ ಎಂಬಾತ ಹಡಗಿನ ಕೆಲಸದವನಾಗಿ ಅಲ್ಲಿಗೆ ಬಂದು, ಇನುಪಿಯಾತ್ ಜನರ ಹೆಣ್ಣನ್ನು ಮದುವೆಯಾಗಿ, ತಿಮಿಂಗಿಲದ ಬೇಟೆ ಕ್ಷೀಣಿಸಿ ರೋಗ ಹಬ್ಬಿದಾಗ ಆ ಜನರಲ್ಲಿ ಕೆಲವರನ್ನು ದಕ್ಷಿಣಕ್ಕೆ ಕರೆದೊಯ್ದು ಯೂಕಾನ್ ನದಿಯ ದಂಡೆಯ ಮೇಲೆ ನೆಲೆಗೊಳಿಸಿದನು.

ಇದು ಕೇವಲ ವಿಚಿತ್ರ ಸಂಗತಿಯೆಂದು ನಕ್ಕು ಬಿಡುವವರಿದ್ದಾರೆ. ನನಗೆ ಮಾತ್ರ ಇದನ್ನು ಓದಿದಂದಿನಿಂದ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆಗೇ ಮನಸ್ಸು ಹರಿಯುತ್ತದೆ. ಹಿಮಕ್ಕೂ ನಮ್ಮ ಎರೆಮಣ್ಣಿನ ಬಿಸಿಲಿಗೂ ಹೋಲಿಕೆಯೇನು ಎಂದು ಕೇಳಬಹುದು. ಹೋಲಿಕೆ ಹವೆಯಲ್ಲಿಲ್ಲ, ತಾಟಿನಲ್ಲಿದೆ. ತೆಂಗು ಬೆಳೆಯದ, ಕಡಲು ಕಾಣದ, ಜೋಳದ ರೊಟ್ಟಿಯ ಹೊರತು ಬೇರೆ ಊಟವನ್ನು ಊಟವೆಂದು ಎಣಿಸದ ಈ ಊರುಗಳಲ್ಲಿ ಬಸ್‌ಸ್ಟ್ಯಾಂಡಿನೆದುರು ಇಳಿದವನ ಕಣ್ಣಿಗೆ ಮೊದಲು ಬೀಳುವುದು ಉಡುಪಿಯ ಹೆಸರು ಹೊತ್ತ ಫಲಕ. ಮೂಗಿಗೆ ಮೊದಲು ತಾಗುವುದು ಸಾಂಬಾರಿನ ವಾಸನೆ. ನಾವಿದನ್ನು ದಿನಾಲು ಕಾಣುವುದರಿಂದ ನಮಗೆ ಆಶ್ಚರ್ಯವಿಲ್ಲ, ಅಷ್ಟೆ. ಒಂದು ಸೀಮೆಯ ಅಡಿಗೆ ಇನ್ನೊಂದು ಸೀಮೆಗೆ ಹೇಗೆ ನಡೆದು ಬರುತ್ತದೆ, ಬಂದ ಮೇಲೆ ಅದರ ಮುಂದೆ ಕೂಡುವವರು ಯಾರು, ಹೊರಗೆ ನಿಲ್ಲುವವರು ಯಾರು ಎಂಬುದು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ದೊರೆಯಬೇಕಾದಷ್ಟು ಜಾಗ ದೊರೆಯದ ವಿಷಯ. ಅರಸರ ಯುದ್ಧಗಳಿಗಿಂತ ಇದೇನು ಸಣ್ಣದಲ್ಲ.

ಮೊದಲು ಒಂದು ಮಾತನ್ನು ಗಮನಿಸಬೇಕು. ಉಟ್ಕಿಯಾಗ್ವಿಕ್ಕಿನ ಮೂಲನಿವಾಸಿಗಳ ಮುಖ್ಯ ಆಹಾರ ತಿಮಿಂಗಿಲ. ಆದರೆ ಆ ಮಾಂಸವನ್ನು ಹೋಟೆಲಿನಲ್ಲಿ ಮಾರುವಂತಿಲ್ಲ. ಬೇಟೆಯಾದ ತಿಮಿಂಗಿಲವನ್ನು ಊರೆಲ್ಲ ಹಂಚಿಕೊಳ್ಳಬೇಕು. ಜೂನ್ ತಿಂಗಳಲ್ಲಿ ನಡೆಯುವ ನಲುಕತಾಕ್ ಎಂಬ ಹಬ್ಬದಲ್ಲಿ ಬೇಟೆಗಾರರ ಕುಟುಂಬಗಳು ಬಂದವರಿಗೆಲ್ಲ ಅದನ್ನು ಹಂಚುತ್ತವೆ. ಮಾರಲಿಕ್ಕಿರುವುದು ಪರಸ್ಥಳದ ಅಡಿಗೆ, ಹಂಚಲಿಕ್ಕಿರುವುದು ಸ್ವಸ್ಥಳದ್ದು. ನಮ್ಮಲ್ಲಿಯೂ ಬಹುಕಾಲ ಹೀಗೆಯೇ ಇತ್ತು. ಅನ್ನವನ್ನು ಮಾರುವುದು ಪಾಪವೆಂದು ನಮ್ಮ ಹಿರಿಯರು ನಂಬಿದ್ದರು. ಮನೆಗೆ ಬಂದವನಿಗೆ ರೊಟ್ಟಿ ಕೊಡಬಹುದು, ರೊಟ್ಟಿಗೆ ಬೆಲೆ ಹೇಳಬಾರದು. ಹೀಗಿರುವಲ್ಲಿ ಅಡಿಗೆಯನ್ನು ಮಾರುವ ಧೈರ್ಯ ಊರವನಿಗಿಂತ ಪರವೂರವನಿಗೆ ಸುಲಭವಾಗಿ ಬಂದುದು ಸಹಜ. ಅವನಿಗೆ ಈ ಊರಿನಲ್ಲಿ ನೆಂಟರಿಲ್ಲ, ದಾಕ್ಷಿಣ್ಯವಿಲ್ಲ. ಹೋಟೆಲಿನ ಇತಿಹಾಸ ಎಲ್ಲೆಡೆಯೂ ಪರಕೀಯನಿಂದ ಆರಂಭವಾಗುವುದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ.

ಮಾರಾಟಕ್ಕೆ ಮುಂಚೆ ದಾನವಿತ್ತು. ಆ ದಾನದ ದಾಖಲೆ ಬಾದಾಮಿಯ ಬಂಡೆಯಲ್ಲಿಯೇ ಇದೆ. ಶಕವರ್ಷ ೫೦೦, ಎಂದರೆ ಕ್ರಿ.ಶ. ೫೭೮ರ ಕಾರ್ತಿಕ ಹುಣ್ಣಿಮೆಯಂದು, ಚಾಲುಕ್ಯ ಮಂಗಲೇಶನು ಮೂರನೆಯ ಗುಹೆಯಲ್ಲಿ ವಿಷ್ಣುವನ್ನು ಪ್ರತಿಷ್ಠಿಸಿ ಲಂಜಿಗೇಸರವೆಂಬ ಗ್ರಾಮವನ್ನು ದತ್ತಿ ಬಿಟ್ಟನು. ಇದು ಮಹಾಕೂಟದ ಬಳಿಯ ಈಗಿನ ನಂದಿಕೇಶ್ವರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಗ್ರಾಮದ ಉತ್ಪನ್ನದಲ್ಲಿ ದಿನಂಪ್ರತಿ ಹದಿನಾರು ಮಂದಿ ಬ್ರಾಹ್ಮಣರಿಗೆ ಸತ್ರದ ಊಟ ನಡೆಯಬೇಕು. ಉಳಿದುದು ಊರೂರು ತಿರುಗುವ ಪರಿವ್ರಾಜಕರ ಊಟಕ್ಕೆ ಸಲ್ಲಬೇಕು. ಗುಹೆಯ ಶಿಲ್ಪವನ್ನು ನೋಡಿ ಬೆರಗಾಗುವ ಪ್ರವಾಸಿಗಳಲ್ಲಿ ಈ ಅನ್ನದ ಲೆಕ್ಕವನ್ನು ಗಮನಿಸುವವರು ಕಡಿಮೆ. ನನಗಂತೂ ಆ ಶಾಸನದಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ದಾರಿಹೋಕನ ಹಸಿವು ಅರಸನ ಗಮನಕ್ಕೆ ಬಂದಿತ್ತೆಂಬುದು ಒಂದು; ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಪಂಕ್ತಿಯ ಕ್ರಮವೂ ಆಗಲೇ ಕಲ್ಲಿನಲ್ಲಿ ಕೊರೆಯಲ್ಪಟ್ಟಿತ್ತೆಂಬುದು ಇನ್ನೊಂದು. ಆ ಗ್ರಾಮದ ಹೊಲದಲ್ಲಿ ದುಡಿದು ಧಾನ್ಯ ಬೆಳೆದವನ ಊಟದ ಮಾತು ಆ ಸಾಲಿನಲ್ಲಿಲ್ಲ.

ಬಾದಾಮಿಯಿಂದ ಐಹೊಳೆಗೆ ಬಂದರೆ ಕಥೆ ಇನ್ನೊಂದು ಬಗೆಯದು. ಈಗ ಹುನಗುಂದ ತಾಲೂಕಿನ ಹಳ್ಳಿಯಾಗಿರುವ ಈ ಐಹೊಳೆಯ ಹೆಸರನ್ನೇ ಹೊತ್ತು ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕಸಂಘ ದಕ್ಷಿಣಾಪಥವನ್ನೆಲ್ಲ ಸುತ್ತಿತು. ನೆಲದ ದಾರಿ ಜಲದ ದಾರಿ ಎರಡರಲ್ಲಿಯೂ ಅವರು ಸಂಚರಿಸಿದರು. ಕುದುರೆ, ರತ್ನ, ಕರ್ಪೂರ, ಗಂಧ, ಸಾಂಬಾರದ ಸರಕುಗಳನ್ನು ಸಾಗಿಸಿದರು. ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ ದೊರೆತ ಕ್ರಿ.ಶ. ೧೦೮೮ರ ತಮಿಳು ಶಾಸನದಲ್ಲಿ ಈ ಐನೂರ್ವರ ಹೆಸರಿದೆ. ಮಲಪ್ರಭೆಯ ದಂಡೆಯ ಊರಿನ ಹೆಸರು ಸಾಗರದಾಚೆಯ ಕಲ್ಲಿನ ಮೇಲೆ! ಅಷ್ಟು ದೂರ ಹೋದ ವರ್ತಕರು ಅಲ್ಲಿ ಏನು ಉಂಡರು, ಯಾರ ಮನೆಯ ಅನ್ನ ಉಂಡರು ಎಂಬುದನ್ನು ಶಾಸನಗಳು ಹೇಳುವುದಿಲ್ಲ. ಆದರೆ ಪರದೇಶದಲ್ಲಿ ಹಸಿದವನ ಅನುಭವ ನಮ್ಮ ಸೀಮೆಗೆ ಹೊಸದಲ್ಲವೆಂಬುದಷ್ಟು ನಿಶ್ಚಯ. ನಾವೂ ಒಂದು ಕಾಲಕ್ಕೆ ಇನ್ನೊಬ್ಬರ ಊರಿನಲ್ಲಿ ಪರವೂರವರಾಗಿದ್ದೆವು.

ಪಂಕ್ತಿಯ ಪ್ರಶ್ನೆಯನ್ನು ನೇರವಾಗಿ ಎತ್ತಿದವರು ಹನ್ನೆರಡನೆಯ ಶತಮಾನದ ಶರಣರು. ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮವೂ ಹುನಗುಂದ ತಾಲೂಕಿನದೇ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬೆಳೆದದ್ದು, ಕಲಿತದ್ದು ಅಲ್ಲಿ. ಮುಂದೆ ಕಲ್ಯಾಣದಲ್ಲಿ ಅವರು ನಡೆಸಿದ ದಾಸೋಹದ ಅರ್ಥವನ್ನು ನಾವು ಕೇವಲ ಅನ್ನಸಂತರ್ಪಣೆಯೆಂದು ಇಳಿಸಿಬಿಟ್ಟಿದ್ದೇವೆ. ಸತ್ರದಲ್ಲಿ ಕೊಡುವವನು ಮೇಲೆ, ಉಣ್ಣುವವನು ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸ. ಅದಕ್ಕೂ ಮಿಗಿಲಾಗಿ, ಕುಲ ಕೇಳದೆ ಒಟ್ಟಿಗೆ ಕೂತು ಉಣ್ಣುವುದು ಅಂದಿನ ಸಮಾಜಕ್ಕೆ ಸಿಡಿಲಿನಂತೆ ಎರಗಿದ ಮಾತು. ಇಂದಿಗೂ ಸಂಗಮದಲ್ಲಿ ಯಾತ್ರಿಕರಿಗೆ ದಾಸೋಹ ನಡೆಯುತ್ತದೆ. ನಾರಾಯಣಪುರ ಜಲಾಶಯದ ಹಿನ್ನೀರು ಐಕ್ಯಮಂಟಪವನ್ನು ಸುತ್ತಿಕೊಂಡಿದೆ. ನೀರಿನ ನಡುವೆ ಬಾವಿಯಂತೆ ಕಟ್ಟಿದ ಗೋಡೆಯೊಳಗೆ ಇಳಿದು ಹೋಗಿ ಜನ ದರ್ಶನ ಮಾಡಿ ಬಂದು ಪಂಕ್ತಿಯಲ್ಲಿ ಕೂಡುತ್ತಾರೆ.

ಇನ್ನು ನಮ್ಮ ತಾಟಿನ ಕಡೆಗೆ ನೋಡೋಣ. ಅಪ್ಪಟ ದೇಸಿಯೆಂದು ನಾವು ಹೆಮ್ಮೆಪಡುವ ಖಾನಾವಳಿಯ ಊಟದಲ್ಲಿ ದೇಸಿ ಯಾವುದು? ಜೋಳ ಹುಟ್ಟಿದ್ದು ಆಫ್ರಿಕದ ಸುಡಾನ್ ಸೀಮೆಯಲ್ಲಿ. ಇಲ್ಲಿಗೆ ಬಂದು ಮೂರೂವರೆ ಸಾವಿರ ವರ್ಷಗಳಿಗೂ ಹೆಚ್ಚಾಯಿತೆಂದು ಅಗೆತಗಳಲ್ಲಿ ದೊರೆತ ಕಾಳುಗಳನ್ನು ಪರೀಕ್ಷಿಸಿದವರು ಹೇಳುತ್ತಾರೆ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿರೊಟ್ಟಿಯ ಸಜ್ಜೆ ಪಶ್ಚಿಮ ಆಫ್ರಿಕದ್ದು. ಗುರೆಳ್ಳು ಚಟ್ನಿಯ ಗುರೆಳ್ಳು ಇಥಿಯೋಪಿಯದ್ದು. ಶೇಂಗಾ ದಕ್ಷಿಣ ಅಮೆರಿಕದ್ದು. ಕೆಂಪುಚಟ್ನಿಯ ಮೆಣಸಿನಕಾಯಿ, ಪಲ್ಯದ ಬಟಾಟಿ, ಸಾರಿನ ಟೊಮೆಟೊ ಇವೆಲ್ಲ ೧೪೯೮ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ, ಪಡುವಣದ ಹಡಗುಗಳ ದಾರಿ ತೆರೆದ ಬಳಿಕ ಬಂದವು. ಬಟಾಟಿ ಎಂಬ ನಮ್ಮ ಮಾತೇ ಪೋರ್ತುಗೀಸರದು. ಅಮೀನಗಡದ ಕರದಂಟಿನಲ್ಲಿ ಅಂಟು ಬೆಲ್ಲಗಳು ಬಯಲುಸೀಮೆಯವಾದರೆ ಕೊಬ್ಬರಿ ಕರಾವಳಿ ಮಲೆನಾಡುಗಳ ಕಡೆಯದು, ಗೋಡಂಬಿ ಮೂಲತಃ ಬ್ರಾಜಿಲಿನದು. ಖಾನಾವಳಿ ಎಂಬ ಹೆಸರು ಮರಾಠಿಯ ಮೂಲಕ ಬಂದದ್ದು. ಝುಣಕ, ಭಜಿ, ಫಳಾರಗಳೂ ಅದೇ ದಾರಿ ಹಿಡಿದು ಬಂದವು. ಹೀಗೆ ಲೆಕ್ಕ ಹಾಕುತ್ತ ಹೋದರೆ ಹುರುಳಿ, ಹೆಸರು, ಬದನೆ, ಕೊರಲೆಯಂಥ ಕೆಲವೇ ಉಳಿಯುತ್ತವೆ. ಆದರೂ ಜೋಳದ ರೊಟ್ಟಿ ನಮ್ಮದಲ್ಲವೆಂದು ಹೇಳುವ ಎದೆಗಾರಿಕೆ ಯಾರಿಗಿದೆ? ಬೆಳೆದು, ಬೀಸಿ, ಬಡಿದು, ಬೇಯಿಸಿ ಉಂಡ ತಲೆಮಾರುಗಳೇ ಅದನ್ನು ನಮ್ಮದು ಮಾಡಿದವು.

ಇಷ್ಟಾಗಿ, ಹಣ ಕೊಟ್ಟು ಉಣ್ಣುವ ಪದ್ಧತಿ ನಮ್ಮ ಊರುಗಳಲ್ಲಿ ಬೇರೂರಬೇಕಾದರೆ ದೊಡ್ಡ ದುಃಖವೊಂದು ನಡೆಯಬೇಕಾಯಿತು. ೧೮೭೬ರಿಂದ ೧೮೭೮ರವರೆಗಿನ ಬರಗಾಲ ಅಂದಿನ ಕಲಾದಗಿ ಜಿಲ್ಲೆಯನ್ನು ನುಂಗಿತು. ಜನ ಹೊಲಮನೆ ಬಿಟ್ಟು ಗುಳೆ ಹೋದರು, ದಾರಿಯಲ್ಲಿ ಸತ್ತವರೆಷ್ಟೋ. ಆ ಬರಗಾಲದ ಪಾಠದಿಂದ, ಧಾನ್ಯವನ್ನು ಬೇಗ ಸಾಗಿಸುವ ಉದ್ದೇಶದಿಂದಲೇ ಈ ಭಾಗಕ್ಕೆ ರೈಲು ಬಂತು. ೧೮೮೨ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ೧೮೮೪ರ ಸುಮಾರಿಗೆ ಹೊಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಿನವರೆಗೆ ಮೀಟರ್‌ಗೇಜಿನ ಹಾದಿ ಬಿತ್ತು. ೧೮೮೫ರಲ್ಲಿ ಜಿಲ್ಲೆಯ ಮುಖ್ಯಸ್ಥಳವೂ ಕಲಾದಗಿಯನ್ನು ಬಿಟ್ಟು ವಿಜಾಪುರಕ್ಕೆ ಹೋಯಿತು. ರೈಲು ಬಂದಲ್ಲಿ ಸ್ಟೇಶನ್ನು, ಸ್ಟೇಶನ್ನು ಇದ್ದಲ್ಲಿ ಕಾಯುವ ಜನ, ಕಾಯುವ ಜನವಿದ್ದಲ್ಲಿ ಚಹಾದ ಅಂಗಡಿ. ೧೯೦೩ರಲ್ಲಿ ಸರಕಾರ ಚಹಾದ ಮೇಲೆ ಕರ ಕೂಡಿಸಿ ಆ ಹಣದಿಂದ ಚಹಾದ ಪ್ರಚಾರಕ್ಕೆ ತೊಡಗಿದ ಮೇಲೆ ಚೀನದ ಈ ಎಲೆ ನಮ್ಮ ಹಳ್ಳಿಯ ಕಟ್ಟೆಗಳವರೆಗೂ ಬಂದಿತು. ಹೀಗೆ ಹಸಿವಿನ ಭಯ ಹಾಕಿಸಿದ ಹಾದಿಯ ಮೇಲೆಯೇ ಹೋಟೆಲುಗಳ ಮೊದಲ ಒಲೆ ಹೊತ್ತಿತು.

ರೈಲು ಕಾಣದ ಹುನಗುಂದ ಇಳಕಲ್ಲುಗಳಿಗೆ ಅಡಿಗೆ ಬಂದದ್ದು ರಸ್ತೆಯ ಮೇಲೆ. ಅದರ ಹಿಂದಿನ ಕಥೆ ಕರಾವಳಿಯದು. ಮಧ್ವಾಚಾರ್ಯರ ಕಾಲದಿಂದ ಬಂದ ಉಡುಪಿಯ ಕೃಷ್ಣಮಠದಲ್ಲಿ ಸಾವಿರಾರು ಜನರಿಗೆ ಅಡಿಗೆ ಮಾಡಿ ಬಡಿಸುವುದು ಪರ್ಯಾಯದಿಂದ ಪರ್ಯಾಯಕ್ಕೆ ಸಾಗಿಬಂದ ವಿದ್ಯೆ. ಅತ್ತ ವಿದ್ಯೆಯಿತ್ತು, ಇತ್ತ ಬಡತನವೂ ಇತ್ತು. ತುಂಡು ಗದ್ದೆ, ದೊಡ್ಡ ಸಂಸಾರ, ಮಳೆಗಾಲದ ನೆರೆ. ೧೯೨೩ರ ನೆರೆ ದಕ್ಷಿಣ ಕನ್ನಡವನ್ನು ಕಂಗೆಡಿಸಿತು. ಹುಡುಗರು ಎಂಟು ಹತ್ತು ವರ್ಷದಲ್ಲಿಯೇ ಮನೆ ಬಿಟ್ಟು ಪಾತ್ರೆ ತೊಳೆಯುವ ಕೆಲಸಕ್ಕೆ ಹೋದರು. ಹಾಗೆ ಹೋದವರಲ್ಲಿ ಕೆಲವರು ಹೆಸರು ಮಾಡಿದರು. ಕಡಂದಲೆಯ ಕೆ. ಕೃಷ್ಣರಾಯರು ೧೯೩೮ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಬೆಂಗಳೂರಿನಲ್ಲಿ ಮಯ್ಯ ಸಹೋದರರ ಮಾವಳ್ಳಿ ಟಿಫಿನ್ ರೂಮ್ಸ್ ೧೯೨೪ರಲ್ಲಿ ಹುಟ್ಟಿತು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಭೋಜನಶಾಲೆ ೧೯೪೨ರಲ್ಲಿ ಆರಂಭವಾಯಿತು. ಹೆಸರು ಮಾಡದವರು ಸಣ್ಣ ಊರುಗಳಿಗೆ ಬಂದರು. ಬಾಡಿಗೆಗೆ ಒಂದು ಕೋಣೆ, ರುಬ್ಬುವ ಕಲ್ಲು, ಗೋಡೆಗೆ ಕೃಷ್ಣನ ಪಟ, ದರದ ಫಲಕ: ಇಷ್ಟೇ ಅವರ ಬಂಡವಾಳ.

ಆ ದಿನಗಳಲ್ಲಿ ಈ ಪಯಣ ಎಷ್ಟು ಸೀಮೆಗಳನ್ನು ದಾಟಬೇಕಿತ್ತೆಂಬುದನ್ನು ಇಂದಿನ ತರುಣರು ಊಹಿಸಲಾರರು. ಉಡುಪಿ ಮದರಾಸು ಪ್ರಾಂತದ್ದು. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಮುಂಬಯಿ ಪ್ರಾಂತದವು. ನಡುವೆ ಶಿವಮೊಗ್ಗೆಯ ದಾರಿ ಹಿಡಿದರೆ ಮೈಸೂರು ಸಂಸ್ಥಾನ. ಇಳಕಲ್ಲಿನಿಂದ ಸ್ವಲ್ಪ ದೂರದ ಕುಷ್ಟಗಿ ನಿಜಾಮನದು. ಅಲ್ಲಿ ನಾಣ್ಯವೇ ಬೇರೆ. ಮುಧೋಳ ಜಮಖಂಡಿಗಳಲ್ಲಿ ಬೇರೆ ಬೇರೆ ಸಂಸ್ಥಾನಿಕರು. ಕನ್ನಡನಾಡು ೧೯೫೬ರ ನವೆಂಬರ್ ೧ರಂದು ಒಂದಾಯಿತೆಂದು ನಾವು ಪಾಠ ಹೇಳುತ್ತೇವೆ. ಅದಕ್ಕೂ ಮೊದಲೇ ಇಡ್ಲಿಯ ತಟ್ಟೆಯೊಂದು ಆ ಗಡಿಗಳನ್ನೆಲ್ಲ ದಾಟಿ ಬಂದಿತ್ತು ಎಂದರೆ ಚಳುವಳಿಯ ಹಿರಿಯರಿಗೆ ಅಗೌರವ ಮಾಡಿದಂತಾಗದೆಂದು ಭಾವಿಸುತ್ತೇನೆ. ಕರಾವಳಿಯ ಮಾಣಿಯ ಗ್ರಾಂಥಿಕದಂಥ ಕನ್ನಡವನ್ನು ನಮ್ಮ ರೈತ ಮೊದಲು ಕೇಳಿದ್ದು ಹೋಟೆಲಿನಲ್ಲಿ. ನಮ್ಮ ‘ಏನ್ರೀ, ಹ್ಯಾಂಗ್ರೀ’ ಎಂಬ ಮಾತಿನ ಬಿರುಸಿನಲ್ಲಿ ಪ್ರೀತಿಯಿರುವುದನ್ನು ಆ ಮಾಣಿ ತಿಳಿದದ್ದೂ ಅಲ್ಲಿಯೇ. ಮುಂದೆ ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುವ ಹದಿಮೂರನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿ ಇಳಕಲ್ಲಿನ ಮೇಲೆಯೇ ಹಾದು ಕರಾವಳಿಗೂ ಬಯಲುಸೀಮೆಗೂ ಒಂದೇ ಗೆರೆ ಎಳೆಯಿತು. ಈಗ ಆ ಹೆದ್ದಾರಿಯ ನಮ್ಮ ಭಾಗಕ್ಕೆ ಐವತ್ತೆಂಬ ಅಂಕೆ ಬಂದಿದೆ.

ಆದರೆ ಇಡ್ಲಿ ನಿಜವಾಗಿಯೂ ಪರವೂರದೇ? ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಕ್ರಿ.ಶ. ೧೦೨೫ರ ಸುಮಾರಿಗೆ ಬರೆದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ರುಬ್ಬಿ, ಸಾಂಬಾರ ಬೆರೆಸಿ ಮಾಡುವ ಬಗೆಯಿದೆ. ಅದೇ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆಯಿಸಿದ ಮಾನಸೋಲ್ಲಾಸದಲ್ಲಿ ಅದು ಇಡ್ಡರಿಕೆಯಾಗಿ ಅರಸನ ಪಂಕ್ತಿಯಲ್ಲಿ ಕೂತಿದೆ, ದೋಸೆಯೂ ಜೊತೆಗಿದೆ. ಆ ಹಳೆಯ ಇಡ್ಲಿಯಲ್ಲಿ ಅಕ್ಕಿಯಿಲ್ಲ, ಉದ್ದಷ್ಟೇ. ಅಕ್ಕಿ ಕೂಡಿಸಿ, ಇರುಳಿಡೀ ಹುಳಿಬರಿಸಿ ಹಬೆಯಲ್ಲಿ ಬೇಯಿಸುವ ಇಂದಿನ ರೂಪ ಆಮೇಲಿನದು. ಬಾದಾಮಿ ಐಹೊಳೆಗಳು ಕಲ್ಯಾಣದ ಅರಸರ ರಾಜ್ಯಕ್ಕೆ ಸೇರಿದ್ದವು. ಆದ್ದರಿಂದ ಉಡುಪಿಯವರ ಹೋಟೆಲಿನಲ್ಲಿ ನಮ್ಮ ರೈತ ಅನುಮಾನದಿಂದ ಮುಟ್ಟಿ ನೋಡಿದ ಆ ಬಿಳಿಯ ತಿಂಡಿ ಎಂಟುನೂರು ವರ್ಷಗಳ ಮೇಲೆ ವೇಷ ಬದಲಿಸಿಕೊಂಡು ಊರಿಗೆ ಬಂದ ನೆಂಟನೇ ಸರಿ. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರಷ್ಟೆ. ಒಡಲು ಹತ್ತಿಯದು, ಸೆರಗು ರೇಶಿಮೆಯದು. ಕೂಡಿದ ಮೇಲೆ ಸೀರೆ ಒಂದೇ. ಅಡಿಗೆಯ ಇತಿಹಾಸವೂ ಹಾಗೆಯೇ.

ಹೋಟೆಲು ಬಂದಿತು, ಸರಿ. ಒಳಗೆ ಕೂಡುವವರು ಯಾರು? ಈ ಪ್ರಶ್ನೆಯನ್ನು ಬಿಟ್ಟು ಬರೆದರೆ ನನ್ನ ಬರಹ ಬರಿಯ ಬಾಯಿಚಪಲವಾದೀತು. ಮೊದಮೊದಲ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಮಿಕ್ಕವರಿಗೆ ಬೇರೆ ಬೆಂಚು ಇರುತ್ತಿದ್ದುದು ಸಾಮಾನ್ಯ. ಖಾನಾವಳಿಗಳೂ ತಮ್ಮ ತಮ್ಮ ಸಮಾಜದ ಹೆಸರನ್ನು ಹಣೆಯ ಮೇಲೆ ಬರೆದುಕೊಂಡಿದ್ದವು: ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿ, ಇತ್ಯಾದಿ. ದಲಿತರಿಗೆ ಬೆಂಚೂ ಇರಲಿಲ್ಲ. ಹೊರಗೆ ನಿಂತು, ಬೇರೆಯಾಗಿಟ್ಟ ಬಟ್ಟಲಿನಲ್ಲಿ ಮೇಲಿನಿಂದ ಹೊಯ್ದ ಚಹಾ ಕುಡಿದು, ಆ ಬಟ್ಟಲನ್ನು ತಾವೇ ತೊಳೆದಿಟ್ಟು ಹೋಗಬೇಕಿತ್ತು. ಹಣ ಒಂದೇ, ಚಹಾ ಒಂದೇ, ಬಟ್ಟಲು ಬೇರೆ. ಸಂಗಮದಿಂದ ಹತ್ತಾರು ಮೈಲಿಯೊಳಗೆ, ಬಸವಣ್ಣನವರ ಪಟವನ್ನು ಗೋಡೆಗೆ ತೂಗುಹಾಕಿದ ಸೀಮೆಯಲ್ಲಿಯೇ ಇದು ನಡೆಯಿತೆಂಬುದನ್ನು ನೆನೆದರೆ ತಲೆ ತಗ್ಗುತ್ತದೆ.

೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ವಿಧಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನು ಹೆಸರು ಹಿಡಿದು ಹೇಳುತ್ತದೆ. ಅಲ್ಲಿಗೆ ಪ್ರವೇಶಿಸಲು ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದು. ಹದಿನೇಳನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದುಗೊಳಿಸಿತು. ೧೯೫೫ರ ಕಾಯಿದೆ ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ದೇಶವೊಂದರ ಮೂಲಶಾಸನದಲ್ಲಿ ಹೋಟೆಲಿನ ಬಾಗಿಲಿನ ಮಾತು ಬಂದುದನ್ನು ಕಂಡು ಕೆಲವರು ಇದೇನು ಸಣ್ಣ ಮಾತೆನ್ನಬಹುದು. ಹೊರಗೆ ನಿಂತು ಕುಡಿದವನಿಗೆ ಗೊತ್ತು ಅದು ಎಷ್ಟು ದೊಡ್ಡದೆಂದು. ಡಾಕ್ಟರ್ ಅಂಬೇಡಕರರಿಗೆ ಅದು ಗೊತ್ತಿತ್ತು. ಬಾದಾಮಿಯ ಬಂಡೆಯಲ್ಲಿ ಕೊರೆದ ಪಂಕ್ತಿಯ ಕ್ರಮವನ್ನು ಹದಿನಾಲ್ಕು ಶತಮಾನಗಳ ಮೇಲೆ ಕಾಗದದ ಮೇಲೆ ಅಳಿಸಿದ ಶಾಸನವಿದು. ಕಲ್ಲಿನ ಅಕ್ಷರ ಕಾಗದಕ್ಕೆ ಬೇಗ ಸೋಲುವುದಿಲ್ಲ. ಹಳ್ಳಿಗಾಡಿನ ಎಷ್ಟೋ ಚಹಾದಂಗಡಿಗಳಲ್ಲಿ ಎರಡು ಬಗೆಯ ಲೋಟಗಳು ಅನೇಕ ದಶಕ ಉಳಿದವು. ಆದರೂ ಪಟ್ಟಣದ ಹೋಟೆಲು ಒಂದು ಉಪಕಾರ ಮಾಡಿತು. ಬಸ್ಸಿಳಿದು ಬಂದವನ ಕುಲ ಕೇಳಲು ಅಲ್ಲಿ ಪುರುಸೊತ್ತಿಲ್ಲ. ಗುರುತಿಲ್ಲದವರ ಪಕ್ಕದಲ್ಲಿ ಕೂತು ಉಣ್ಣುವುದನ್ನು ಅದು ಅಭ್ಯಾಸವಾಗಿಸಿತು. ಧರ್ಮೋಪದೇಶದಿಂದ ಆಗದ ಕೆಲಸ ಕೆಲವೊಮ್ಮೆ ಜನಜಂಗುಳಿಯಿಂದ ಆಗುತ್ತದೆ.

ನಮ್ಮ ಊರುಗಳ ಪಾಲಿಗೆ ಆಮೇಲಿನ ಅರ್ಧ ಶತಮಾನ ಏಳುವ, ಕೂಡುವ ಕಾಲವಾಯಿತು. ೧೯೬೪ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ಅಣೆಕಟ್ಟು ಏರಿದಂತೆ ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಓಣಿಗಳಿಗೆ ಹಿನ್ನೀರು ನುಗ್ಗಿತು. ಜನ ನವನಗರಕ್ಕೆ ಹೋದರು. ೧೯೯೭ರ ಆಗಸ್ಟ್ ೧೫ರಂದು ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಮನೆಗೆ ಪರಿಹಾರವುಂಟು, ಹೊಲಕ್ಕೆ ಪರಿಹಾರವುಂಟು. ಸಂಜೆ ನಾಲ್ಕು ಜನ ಕೂಡಿ ಮಿರ್ಚಿಭಜಿ ಚುರಮುರಿ ತಿನ್ನುತ್ತಿದ್ದ ಮೂಲೆಗೆ ಪರಿಹಾರವನ್ನು ಯಾವ ಅಧಿಕಾರಿ ಬರೆದಾನು? ಊರು ಮುಳುಗಿದಾಗ ಅದರ ಗಿರಾಕಿಗಳ ಸ್ನೇಹವೂ ಮುಳುಗುತ್ತದೆ. ಅಗಲವಾದ ಹೊಸ ರಸ್ತೆಗಳಲ್ಲಿ ಅದು ಮತ್ತೆ ಮೊಳೆಯಲು ಒಂದು ತಲೆಮಾರೇ ಬೇಕು.

ಈ ನಡುವೆ ಅನ್ನ ಮಾರಬಾರದೆಂಬ ಹಳೆಯ ನಂಬಿಕೆ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಮೆಲ್ಲನೆ ಸಡಿಲಿತು. ಬಾದಾಮಿಯ ಬಳಿ ಬನಶಂಕರಿಯ ಗುಡಿಯ ಸುತ್ತ ಹಳ್ಳಿಯ ತಾಯಂದಿರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪುಚಟ್ನಿ, ಮಡಕೆಯಲ್ಲಿ ಕೆನೆಮೊಸರು ತಂದು ಮಾರುತ್ತಾರೆ. ಸೂರಿಲ್ಲ, ಫಲಕವಿಲ್ಲ, ಮೇಜಿಲ್ಲ. ‘ಇನ್ನೊಂದ್ ರೊಟ್ಟಿ ಹಚ್ಚಿಕೊಳ್ಳೋ ಮಗನ’ ಎಂದು ಒತ್ತಾಯಿಸುವ ದನಿಯಲ್ಲಿ ವ್ಯಾಪಾರವೆಷ್ಟು, ತಾಯ್ತನವೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಮಾರುವುದಕ್ಕೂ ನೀಡುವುದಕ್ಕೂ ನಡುವಿನ ಹಾದಿಯನ್ನು ಅವರು ಕಂಡುಕೊಂಡಿದ್ದಾರೆ. ತಿಂಗಳುಗಟ್ಟಲೆ ಕೆಡದ ಕಟಕರೊಟ್ಟಿ ಈಗ ಕಟ್ಟುಕಟ್ಟಾಗಿ ದೂರದ ಊರುಗಳಿಗೂ ಹೋಗುತ್ತದೆ.

ಮತ್ತು ಅದೇ ಹೆದ್ದಾರಿ ಈಗ ತಿರುಗುಮುಖವಾಗಿಯೂ ಹರಿಯುತ್ತಿದೆ. ಮಳೆ ಕೈಕೊಟ್ಟ ವರ್ಷ ಬಾದಾಮಿ ಹುನಗುಂದಗಳ ಹಳ್ಳಿಗಳಿಂದ ಕುಟುಂಬ ಕುಟುಂಬಗಳೇ ಮಂಗಳೂರು, ಉಡುಪಿ, ಗೋವೆಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಒಂದು ಕಾಲಕ್ಕೆ ಉಡುಪಿಯ ಹುಡುಗ ಹಸಿವಿನಿಂದ ನಮ್ಮೂರಿಗೆ ಬಂದಂತೆ ಈಗ ನಮ್ಮ ಹುಡುಗ ಹಸಿವಿನಿಂದ ಅವನೂರಿಗೆ ಹೋಗುತ್ತಾನೆ. ಉಡುಪಿ ಮಣಿಪಾಲಗಳಲ್ಲಿ ‘ಉತ್ತರ ಕರ್ನಾಟಕದ ಊಟ’ ಎಂಬ ಫಲಕಗಳೆದ್ದಿವೆ. ಕುಚ್ಚಲಕ್ಕಿಯ ನಾಡಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ವ್ಯತ್ಯಾಸವೊಂದಿದೆ. ಅಂದು ಬಂದವನು ಒಲೆ ಹೊತ್ತಿಸಿ ಹೋಟೆಲಿನ ಧಣಿಯಾಗುವ ಕನಸು ಕಾಣಬಹುದಿತ್ತು; ಇಂದು ಹೋಗುವವನು ಹೆಚ್ಚಾಗಿ ಕಲ್ಲು ಹೊರುವ ಕೂಲಿ. ಅವನನ್ನು ಆ ಊರು ಹೆಸರು ಹಿಡಿದು ಕರೆಯುತ್ತದೆಯೋ, ಬರಿಯ ‘ಘಟ್ಟದ ಮೇಲಿನವ’ ಎಂದು ಕರೆಯುತ್ತದೆಯೋ ಎಂಬುದರ ಮೇಲೆ ಕರ್ನಾಟಕ ಎಷ್ಟು ಏಕೀಕರಣವಾಗಿದೆ ಎಂಬುದನ್ನು ಅಳೆಯಬಹುದು.

ಹೊಸ ಅಡಿಗೆಗಳನ್ನು ಕಂಡು ಗೊಣಗುವ ಹಿರಿಯರು ನನ್ನ ಪರಿಚಯದಲ್ಲಿ ಬಹಳ. ಬಾಗಲಕೋಟೆಯ ರಸ್ತೆಬದಿಯ ಗಾಡಿಗಳಲ್ಲಿ ಈಗ ಗೋಬಿ ಮಂಚೂರಿಯ ಹೊಗೆ. ಮಂಚೂರಿಯ ದೇಶದವರು ಬಂದು ನೋಡಿದರೆ ಅದರ ಗುರುತು ಹಿಡಿಯಲಾರರು! ಅದಕ್ಕೆ ಬೆರೆಸುತ್ತಿದ್ದ ಕೃತಕ ಬಣ್ಣವನ್ನು ೨೦೨೪ರಲ್ಲಿ ಸರಕಾರ ನಿಷೇಧಿಸಿದ್ದು ಯೋಗ್ಯವೇ. ವಿಷವನ್ನು ತಡೆಯಬೇಕು, ಪರವೂರೆಂಬ ಕಾರಣಕ್ಕೆ ರುಚಿಯನ್ನು ತಡೆಯುವುದು ಬೇರೆ ಮಾತು. ಮೆಣಸಿನಕಾಯಿ ಮೊದಲು ಬಂದಾಗಲೂ ಯಾರೋ ಹಿರಿಯರು ಮೂಗು ಮುರಿದಿರಬೇಕು.

ಧ್ರುವದ ಬಳಿಯ ಊರಿನಲ್ಲಿ ಜಪಾನೀ ಹೋಟೆಲು, ಇಳಕಲ್ಲಿನಲ್ಲಿ ಉಡುಪಿ ಹೋಟೆಲು, ಉಡುಪಿಯಲ್ಲಿ ನಮ್ಮ ಖಾನಾವಳಿ: ಮೂರೂ ಒಂದೇ ಕಥೆಯ ಅಧ್ಯಾಯಗಳು. ದೂರವನ್ನು ದಾಟುವುದು ಅನ್ನಕ್ಕೆ ಅಷ್ಟು ಕಷ್ಟವಲ್ಲ; ಎತ್ತು, ಹಡಗು, ರೈಲು, ವಿಮಾನ ಯಾವುದಾದರೂ ಅದನ್ನು ಹೊತ್ತು ತರುತ್ತವೆ. ಒಂದೇ ಬೆಂಚಿನ ಮೇಲೆ ಕೂತ ಇಬ್ಬರ ನಡುವಿನ ಗೇಣು ಜಾಗವನ್ನು ದಾಟುವುದೇ ಕಷ್ಟ. ಜೋಳ ಆಫ್ರಿಕದಿಂದ ಇಲ್ಲಿಗೆ ಬಂದು ಸಾವಿರಾರು ವರ್ಷಗಳಾದವು. ಆ ಗೇಣಿನ ದಾರಿಯನ್ನು ಮಾತ್ರ ನಾವು ಇನ್ನೂ ನಡೆಯುತ್ತಲೇ ಇದ್ದೇವೆ.